ಹದಿಮೂರು ವರ್ಷ ಅಚ್ಚಾಗದ ಲೆಕ್ಕ

ಲೋರ್ಕೈನೈಡ್ ಎಂಬ ಹೆಸರು ಇಂದಿನ ಹೃದ್ರೋಗ ತಜ್ಞರಲ್ಲೂ ಹಲವರಿಗೆ ನೆನಪಿರಲಿಕ್ಕಿಲ್ಲ. ಹೃದಯಬಡಿತದ ಲಯ ತಪ್ಪದಂತೆ ಕಾಯಬೇಕಿದ್ದ ಈ ಔಷಧವನ್ನು 1980ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವೈದ್ಯರು ಹೃದಯಾಘಾತವಾದ 95 ಮಂದಿಯ ಮೇಲೆ ಪರೀಕ್ಷಿಸಿದರು. ಲಯವೇನೋ ಸುಧಾರಿಸಿತು. ಆದರೆ ಔಷಧ ಪಡೆದವರಲ್ಲಿ 9 ಮಂದಿ ತೀರಿಕೊಂಡರು, ಹುಸಿ ಔಷಧ ಪಡೆದವರಲ್ಲಿ ಒಬ್ಬರು ಮಾತ್ರ. ವೈದ್ಯರು ಇದನ್ನು ಆಕಸ್ಮಿಕವೆಂದೇ ಬಗೆದರು. ವ್ಯಾಪಾರದ ಕಾರಣಗಳಿಗಾಗಿ ಔಷಧವನ್ನು ಮುಂದುವರಿಸುವ ಕೆಲಸವೂ ನಿಂತಿತು. ಕೈಬಿಟ್ಟ ಔಷಧದ ವರದಿ ಯಾರಿಗೆ ಬೇಕು? ಅದು ಅಚ್ಚಾದದ್ದು 1993ರಲ್ಲಿ.

ಅಷ್ಟರೊಳಗೆ ಅಮೆರಿಕದಲ್ಲಿ ಆಗಬಾರದ್ದು ಆಗಿಹೋಗಿತ್ತು. ಹೃದಯಾಘಾತದ ನಂತರ ಇಸಿಜಿಯಲ್ಲಿ ನಡುನಡುವೆ ಹೆಚ್ಚುವರಿ ಬಡಿತ ಕಾಣುವವರಿಗೆ ಹಠಾತ್ ಸಾವಿನ ಅಪಾಯ ಜಾಸ್ತಿ. ಹಾಗಾದರೆ ಆ ಬಡಿತವನ್ನು ಅಡಗಿಸಿದರೆ ಸಾವೂ ತಪ್ಪಬೇಕಲ್ಲ ಎಂಬುದು ಅಂದಿನ ತರ್ಕ. ಅದನ್ನು ನಂಬಿ ಎನ್‌ಕೈನೈಡ್, ಫ್ಲೆಕೈನೈಡ್‌ಗಳನ್ನು ಧಾರಾಳವಾಗಿ ಬರೆದುಕೊಟ್ಟರು. ತರ್ಕವನ್ನು ಒರೆಗೆ ಹಚ್ಚಿದ್ದು ‘ಕಾಸ್ಟ್’ ಎಂಬ ಪರೀಕ್ಷೆ. ಔಷಧದಿಂದ ಬಡಿತ ಹತೋಟಿಗೆ ಬಂದವರನ್ನೇ ಮೊದಲು ಆರಿಸಿಕೊಂಡು, ಬಳಿಕ ಎರಡು ಗುಂಪು ಮಾಡಿದರು. ಅಂದರೆ ಔಷಧ ಫಲ ಕೊಟ್ಟವರೇ ಅಲ್ಲಿದ್ದರು! ಸರಾಸರಿ ಹತ್ತು ತಿಂಗಳಲ್ಲಿ ಔಷಧ ಪಡೆದ 755 ಮಂದಿಯಲ್ಲಿ 63, ಪಡೆಯದ 743ರಲ್ಲಿ 26 ಸಾವು. 1989ರಲ್ಲಿ ಈ ಎರಡು ಔಷಧಗಳ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎನ್‌ಕೈನೈಡ್ ಮಾರುಕಟ್ಟೆ ಬಿಟ್ಟಿತು. ಫ್ಲೆಕೈನೈಡ್ ಈಗಲೂ ಇದೆ, ಆದರೆ ಹೃದಯಾಘಾತವಾದವರಿಗೆ ಅದನ್ನು ಕೊಡುವುದಿಲ್ಲ.

ಲೋರ್ಕೈನೈಡ್ ಇವೆರಡರ ಬಳಗದ್ದೇ. ಕೇವಲ 95 ಮಂದಿಯ ಪರೀಕ್ಷೆಯಿಂದ ಯಾರು ಎಚ್ಚೆತ್ತುಕೊಳ್ಳುತ್ತಿದ್ದರು ಎಂದು ಕೇಳಬಹುದು. ಒಪ್ಪತಕ್ಕ ಮಾತೇ, ಅಷ್ಟರಿಂದಲೇ ಔಷಧವನ್ನು ನಿಷೇಧಿಸಲಾಗದು. ಆದರೆ ಆ ಹತ್ತು ಸಾವು ಆಕಸ್ಮಿಕವೋ ಅಲ್ಲವೋ ಎಂದು ತಿಳಿಯಲು ಬೇರೆ ಪರೀಕ್ಷೆಗಳ ಪಕ್ಕದಲ್ಲಿಟ್ಟು ನೋಡಬೇಕಿತ್ತು, ಅಚ್ಚಾಗದ ಲೆಕ್ಕವನ್ನು ಕೂಡಿಸುವುದು ಹೇಗೆ? ಕಂಪನಿ ಕೈಬಿಟ್ಟದ್ದು ಒಂದು ಔಷಧವನ್ನು, ತರ್ಕವನ್ನಲ್ಲ. ಆ ತರ್ಕ ಪಕ್ಕದ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇತ್ತು. ವೈದ್ಯರ ಮೇಲೆ ಗೂಬೆ ಕೂರಿಸುವುದೂ ಸರಿಯಲ್ಲ. ವರದಿ ಆಗಲೇ ಬಂದಿದ್ದರೆ ಮುನ್ನೆಚ್ಚರಿಕೆ ಆಗಬಹುದಿತ್ತೆಂದು 1993ರಲ್ಲಿ ಬರೆದವರು ಅವರೇ. ಭಾರತದಲ್ಲಿ 2009ರಿಂದ ಔಷಧ ಪರೀಕ್ಷೆಗಳನ್ನು ಸಿಟಿಆರ್‌ಐ ಎಂಬ ದಾಖಲೆಪಟ್ಟಿಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಪರೀಕ್ಷೆ ಶುರುವಾದದ್ದು ಇದರಿಂದ ತಿಳಿಯುತ್ತದೆ. ಮುಗಿದ ಮೇಲೆ ಫಲಿತಾಂಶ ಹೊರಬರುವುದಕ್ಕೆ ನೋಂದಣಿಯೊಂದೇ ಸಾಲದು.