ನಡಾವಳಿ ಪುಸ್ತಕದಲ್ಲಿ ಸಾಮರಸ್ಯ

ಹೊಸಪೇಟೆಯಿಂದ ಬಳ್ಳಾರಿ ಕಡೆ ಹೊರಟರೆ ರೈಲು ದಾರಿಯಲ್ಲಿ ಗಾದಿಗನೂರು ಸಿಗುತ್ತದೆ. ಬಲಗಡೆ ಸಂಡೂರಿನ ಗುಡ್ಡಸಾಲು, ಮುಂದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಈ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ಹಿಂದಿನಿಂದಲೂ ಇವೆ. ಕಾರ್ಖಾನೆಗಳು ಬಂದಮೇಲೆ ಬಿಹಾರ, ಒಡಿಶಾ, ಜಾರ್ಖಂಡ್‌ಗಳ ದುಡಿಮೆಗಾರರೂ ಬಂದು ಸೇರಿದರು. ಇಷ್ಟು ಬಗೆಯ ಜನ ನೀರು, ದಾರಿ, ಸಂತೆ ಹಂಚಿಕೊಂಡು ಬಾಳುವಲ್ಲಿ ಪಂಚಾಯಿತಿಯ ಕೆಲಸವೇನು? ಹಬ್ಬದ ಮುಂಚೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ನಡೆಯುತ್ತದೆ, ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ಅದರಿಂದ ಒಂದು ಮೆರವಣಿಗೆ ಸುಸೂತ್ರವಾಗಿ ಮುಗಿದೀತು. ವರ್ಷವಿಡೀ ನಡೆಯಬೇಕಾದ ಬಾಳುವೆಗೆ ಅದು ಸಾಲದು.

ಇದಕ್ಕೊಂದು ಒಳ್ಳೆಯ ದಾರಿ ಇದೇ ನೆಲದ ಅರಸನ ಆಜ್ಞೆಯಲ್ಲಿದೆ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು ವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಅರಿಕೆ ಮಾಡಿಕೊಂಡರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ವೇದಿಕೆಯ ಮೇಲೆ ನಾವು ಮತ್ತೆ ಮತ್ತೆ ಹೇಳುವುದು ಇಷ್ಟನ್ನೇ. ನನಗೆ ಮುಖ್ಯವಾಗಿ ಕಾಣುವುದು ಶಾಸನದ ಮುಂದಿನ ಭಾಗ. ಪಂಚಮಹಾವಾದ್ಯ, ಕಲಶಗಳ ಮರ್ಯಾದೆ ಜೈನರಿಗೆ ಮೊದಲಿನಂತೆಯೇ ಸಲ್ಲಬೇಕು. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ ವೈಷ್ಣವರ ಕಡೆಯವರೇ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣ ಹಾಳುಬಿದ್ದ ಬಸದಿಗಳ ಸುಣ್ಣಕ್ಕೆ. ಯಾರ ಮೇಲೆ ದೂರು ಬಂದಿತ್ತೋ ಅವರಿಗೇ ಕಾವಲಿನ ಹೊಣೆ! ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾರು ಕಾಯಬೇಕು ಎಂಬುದೆಲ್ಲ ಕಲ್ಲಿನಲ್ಲಿ ಕೊರೆದಿದ್ದರಿಂದ ಆ ಸಂಧಾನ ಬರೀ ಮಾತಾಗಲಿಲ್ಲ.

ಈಗಿನ ಪಂಚಾಯಿತಿಯ ಕೈಯಲ್ಲೂ ಅಂಥ ಅಧಿಕಾರವಿದೆ. 1993ರ ಪಂಚಾಯತ್‌ರಾಜ್ ಕಾಯ್ದೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸಾಮಾಜಿಕ ನ್ಯಾಯ ಸಮಿತಿ ಇರಲೇಬೇಕು ಎನ್ನುತ್ತದೆ. ಗ್ರಾಮಸಭೆಗೆ ಬಂದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು, ಪರಿಶಿಷ್ಟರು ಊರಿನ ಜನಸಂಖ್ಯೆಗೆ ತಕ್ಕಂತೆ ಇರಬೇಕು. ಈ ವ್ಯವಸ್ಥೆ ಬೇರೂರಲು ದುಡಿದ ಎಂ.ವೈ. ಘೋರ್ಪಡೆ ಪಕ್ಕದ ಸಂಡೂರಿನವರು. ಅಲ್ಲಿಯ ಕುಮಾರಸ್ವಾಮಿ ಗುಡಿಯ ಬಾಗಿಲು ದಲಿತರಿಗೆ ತೆರೆದದ್ದು 1932ರಲ್ಲಿ, ಅವರ ತಂದೆಯ ಆಳ್ವಿಕೆಯಲ್ಲಿ. ಆದರೆ ಸಮಿತಿಯ ಹೆಸರು ಗೋಡೆಯ ಫಲಕದಲ್ಲಿದ್ದರೆ ಸಾಲದು. ಅದು ಸೇರಬೇಕು, ಸೇರಿ ಊರಿನ ಹೋಟೆಲು, ಕ್ಷೌರದಂಗಡಿ, ನಲ್ಲಿ, ಸ್ಮಶಾನ ಸುತ್ತಿ ಬರಬೇಕು.

ಕ್ಷೌರದಂಗಡಿ ಎಂದದ್ದಕ್ಕೆ ಕಾರಣವಿದೆ. ತುಂಗಭದ್ರೆಯ ಆಚೆ, ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹೋಟೆಲಿಗೆ, ಕ್ಷೌರದಂಗಡಿಗೆ ಅವರನ್ನು ಬಿಟ್ಟುಕೊಳ್ಳದ ಹಳೆಯ ತಕರಾರು ಅದರ ಹಿಂದಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಒಂದೇ ಊರಿನ ಅಷ್ಟು ಮನೆಗಳಲ್ಲಿ, ಎರಡೂ ಕಡೆ, ಕಣ್ಣೀರು. ಕತ್ತರಿ ಹಿಡಿದವನು ಒಲ್ಲೆನೆಂದ ದಿನವೇ ಪಂಚಾಯಿತಿ ಅಲ್ಲಿಗೆ ಹೋಗಬೇಕು. ಹೋಟೆಲಿಗೆ, ಅಂಗಡಿಗೆ ಪರವಾನಗಿ ಕೊಡುವುದು ಪಂಚಾಯಿತಿ ತಾನೇ? ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ ಎಂದು ಪರವಾನಗಿ ಪತ್ರದಲ್ಲೇ ಬರೆಸಿಕೊಳ್ಳಲಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಸ್ಪೃಶ್ಯತೆಯ ಅಪರಾಧ ಸಾಬೀತಾದರೆ ಪರವಾನಗಿ ರದ್ದುಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಇದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದರೂ ಅರ್ಧ ಕೆಲಸವಾದಂತೆ.

ಕೂಡಿ ಬಾಳುವ ರೂಢಿ ನಮ್ಮಲ್ಲಿ ಇಲ್ಲವೆಂದಲ್ಲ. ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ಈ ಭಾಗದವರು ಮೊಹರಂಗೆ ಅಲಾಯಿ ದೇವರನ್ನು ಕೂರಿಸುತ್ತಾರೆ, ಹರಕೆ ಹೊರುತ್ತಾರೆ, ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಇದನ್ನು ಯಾವ ಸರ್ಕಾರವೂ ಕಲಿಸಿದ್ದಲ್ಲ. ಪಂಚಾಯಿತಿ ದೀಪ, ನೀರು, ದಾರಿ ಒದಗಿಸಲಿ. ಮಾರೆಮ್ಮನ ಜಾತ್ರೆಗೂ ಉರುಸಿಗೂ ತಾಂಡಾದ ಸೇವಾಲಾಲ್ ಜಯಂತಿಗೂ ಅಷ್ಟೇ ಕಾಳಜಿ ತೋರಲಿ.

ಕಾಯ್ದೆಯಲ್ಲೇ ಒಂದು ಕೊರತೆಯಿದೆ. ಗ್ರಾಮಸಭೆಯೆಂದರೆ ಮತದಾರರ ಸಭೆ. ಬಾಡಿಗೆ ಕೋಣೆಯಲ್ಲಿರುವ ಒಡಿಶಾದ ಕಾರ್ಮಿಕನ ಹೆಸರು ಅವನ ಊರಿನ ಪಟ್ಟಿಯಲ್ಲಿದ್ದರೆ ಇಲ್ಲಿ ಅವನಿಗೆ ದನಿಯಿಲ್ಲ. ಅವನೂ ಇದೇ ನೀರು ಕುಡಿಯುತ್ತಾನೆ, ಇದೇ ಅಂಗಡಿಯಲ್ಲಿ ಅಕ್ಕಿ ಕೊಳ್ಳುತ್ತಾನೆ. ಕಳವಾದರೆ ಊರಿನ ಕಣ್ಣು ಮೊದಲು ಅವನ ಮೇಲೆಯೇ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ಕರೆಯುವಾಗ ಅದರ ಹಿಂದಿನ ದಿನ ಇಂಥವರನ್ನೂ ಮನೆ ಮಾಲೀಕರನ್ನೂ ಪಂಚಾಯಿತಿ ಕಟ್ಟೆಯಲ್ಲಿ ಕೂರಿಸಿಕೊಂಡು ಮಾತಾಡಿಸಲು ಯಾವ ಕಾನೂನೂ ಅಡ್ಡಿಯಿಲ್ಲ. ಅವರು ಹೇಳಿದ್ದನ್ನು ಮರುದಿನ ಸಭೆಯಲ್ಲಿ ಓದಲಿ, ನಡಾವಳಿಯಲ್ಲಿ ಬರೆಯಲಿ. ಸಂಜೆ ಪಂಚಾಯಿತಿಯ ಗ್ರಂಥಾಲಯದಲ್ಲಿ ಅವರಿಗೊಂದು ಕನ್ನಡ ತರಗತಿಯೂ ಶುರುವಾಗಲಿ.