ತಂತಿ ಕಳಚಿಕೊಂಡ ಮಿಂಚು

ಕಲ್ಯಾಣ ಮಂಟಪದ ಮೂಲೆಯಲ್ಲಿ ಬಿಳಿ ಕೊಡೆ ಹೊತ್ತ ಸ್ಟ್ಯಾಂಡೊಂದು ನಿಂತಿರುತ್ತದೆ. ಧಾರೆಯ ಹೊತ್ತಿಗೆ ಛಾಯಾಗ್ರಾಹಕ ಎದುರಿನಿಂದ ಕ್ಲಿಕ್ಕಿಸುತ್ತಲೇ ಅತ್ತ ಕೊಡೆ ಫಳ್ಳನೆ ಬೆಳಗುತ್ತದೆ. ನಡುವೆ ತಂತಿಯಿಲ್ಲ. ಕ್ಯಾಮೆರಾದ ನೆತ್ತಿಯ ಮೇಲೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಕಪ್ಪು ಡಬ್ಬಿ. ಅದೇ ರೇಡಿಯೊ ಟ್ರಿಗರ್.

ಫ್ಲ್ಯಾಶ್ ಕ್ಯಾಮೆರಾದ ಮೇಲೆಯೇ ಕೂತಿದ್ದರೆ ಬೆಳಕು ಮುಖಕ್ಕೆ ರಾಚುತ್ತದೆ. ಹಣೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಸೀರೆಯ ನೆರಿಗೆಗಳು ಚಪ್ಪಟೆಯಾಗುತ್ತವೆ. ಅದೇ ಬೆಳಕನ್ನು ಪಕ್ಕದಿಂದ, ಕೊಡೆಯ ಬಟ್ಟೆಯೊಳಗಿಂದ ಹಾಯಿಸಿದರೆ ಮುಖಕ್ಕೆ ಉಬ್ಬುತಗ್ಗು ಬರುತ್ತದೆ, ಜರಿಯ ಎಳೆ ಎಳೆಯೂ ಎದ್ದು ಕಾಣುತ್ತದೆ. ಪಕ್ಕಕ್ಕೆ ಒಯ್ಯುವುದೇನೋ ಸುಲಭ. ದೂರದ ಫ್ಲ್ಯಾಶಿಗೆ ‘ಈಗ’ ಎಂದು ಹೇಳುವುದು ಹೇಗೆ?

ಈ ಪ್ರಶ್ನೆಗೆ ತಂತಿಯಲ್ಲೇ ಉತ್ತರ ಹುಡುಕಿದ ಹಟವಾದಿ ಅಮೆರಿಕದ ಒ. ವಿನ್‌ಸ್ಟನ್ ಲಿಂಕ್. ಬ್ರೂಕ್ಲಿನ್‌ನಲ್ಲಿ 1914ರಲ್ಲಿ ಹುಟ್ಟಿದ ಅವರು ವೃತ್ತಿಯಲ್ಲಿ ಜಾಹೀರಾತು ಛಾಯಾಗ್ರಾಹಕರು. 1955ರಲ್ಲಿ ಕೆಲಸದ ಮೇಲೆ ವರ್ಜೀನಿಯಾಕ್ಕೆ ಹೋದವರಿಗೆ, ಇನ್ನೂ ಉಗಿಬಂಡಿ ಓಡಿಸುತ್ತಿದ್ದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲುಮಾರ್ಗ ಕಣ್ಣಿಗೆ ಬಿತ್ತು. ಡೀಸೆಲ್ ಬಂದು ಉಗಿ ಎಂಜಿನ್ನುಗಳು ಗುಜರಿ ಸೇರುವ ಮೊದಲು ಅವನ್ನು ಚಿತ್ರಗಳಲ್ಲಿ ಉಳಿಸಿಕೊಳ್ಳಲು ಹೊರಟರು, ಅದೂ ಹೆಚ್ಚಾಗಿ ರಾತ್ರಿಯಲ್ಲಿ. ಸೂರ್ಯನನ್ನೂ ಸರಿಸಲಾಗದು, ಹಳಿಯನ್ನೂ ಸರಿಸಲಾಗದು. ಕತ್ತಲಾದರೆ ಬೆಳಕನ್ನು ತನಗೆ ಬೇಕಾದಲ್ಲಿ ಇಡಬಹುದು ಎಂಬುದು ಅವರ ಲೆಕ್ಕ.

1956ರ ಆಗಸ್ಟ್‌ನಲ್ಲಿ ವೆಸ್ಟ್ ವರ್ಜೀನಿಯಾದ ಯೇಗರ್ ಎಂಬ ಊರಲ್ಲಿ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಟಾಕೀಸಿನಲ್ಲಿ ತೆಗೆದ ಚಿತ್ರ ಬಹಳ ಹೆಸರಾಯಿತು. ಮುಂದೆ ಕಾರುಗಳ ಸಾಲು, ಪರದೆಯ ಮೇಲೆ ಯುದ್ಧವಿಮಾನ, ಆಚೆಗೆ ಉಗಿ ಉಗುಳುತ್ತ ಧಾವಿಸುವ ಗೂಡ್ಸ್ ಬಂಡಿ. ಅದಕ್ಕಾಗಿ ಏಕಕಾಲಕ್ಕೆ ಉರಿದದ್ದು 43 ಬಲ್ಬುಗಳು. ಒಮ್ಮೆ ಉರಿದರೆ ಎಸೆಯಬೇಕಾದ ಬಲ್ಬುಗಳವು. ಹೂಮಾಲೆ ಕಟ್ಟಿದ ಹಾಗೆ ಅವನ್ನು ಸರಣಿಯಲ್ಲಿ ಪೋಣಿಸುವುದು ಲಿಂಕ್ ಪದ್ಧತಿ. ಒಂದು ಜೋಡಣೆ ಸಡಿಲವಾದರೂ ಯಾವುದೂ ಹತ್ತುವುದಿಲ್ಲ, ಬಲ್ಬು ದಂಡವಾಗುವುದೂ ಇಲ್ಲ. ರೈಲು ಮಾತ್ರ ಹೋಗಿಬಿಟ್ಟಿರುತ್ತದೆ! ಅಂದಿನ ಬೆಳಕಿನ ಅಬ್ಬರಕ್ಕೆ ಪರದೆಯ ವಿಮಾನವೇ ಅಳಿಸಿಹೋಗಿ, ಅದನ್ನು ಇನ್ನೊಂದು ನೆಗೆಟಿವ್‌ನಿಂದ ಸೇರಿಸಬೇಕಾಯಿತು. ರೋನೋಕ್ ನಗರದ ಹಳೆಯ ರೈಲು ನಿಲ್ದಾಣದಲ್ಲಿ 2004ರಲ್ಲಿ ಅವರ ಚಿತ್ರಗಳ ಮ್ಯೂಸಿಯಂ ತೆರೆಯಿತು.

ತಂತಿಯ ಆ ಕೆಲಸವನ್ನು ಈಗ ಡಬ್ಬಿ ಮಾಡುತ್ತದೆ. ಶಟರ್ ತೆರೆದೊಡನೆ, ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ಕೂರುವ ಹಾಟ್ ಶೂ ಸೂಚನೆ ಕೊಡುತ್ತದೆ, ಟ್ರಿಗರ್ ಅದನ್ನು ರೇಡಿಯೊ ಅಲೆಯಾಗಿ ಕಳಿಸುತ್ತದೆ, ದೂರದ ಫ್ಲ್ಯಾಶಿಗೆ ಹೊಂದಿಕೊಂಡ ರಿಸೀವರ್ ಅದನ್ನು ಹಿಡಿದು ಫ್ಲ್ಯಾಶನ್ನು ಹೊತ್ತಿಸುತ್ತದೆ. ಹೆಚ್ಚಿನವು ವೈಫೈನಂತೆಯೇ 2.4 ಗಿಗಾಹರ್ಟ್ಸ್ ತರಂಗಗಳನ್ನು ಬಳಸುತ್ತವೆ. ಬಿಸಿಲಲ್ಲಿ ಸೋಲುವ ಇನ್‌ಫ್ರಾರೆಡ್ ಟ್ರಿಗರ್‌ಗಳ ಕಾಟ ಇದಕ್ಕಿಲ್ಲ. ಕಂಬ ಅಡ್ಡ ಬಂದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಒಂದೇ ಮಂಟಪದಲ್ಲಿ ಇಬ್ಬರ ಚಾನಲ್ ಒಂದೇ ಆದರೆ ಅವರು ಒತ್ತಿದಾಗ ಇವರ ಫ್ಲ್ಯಾಶ್ ಹತ್ತಿ, ಬ್ಯಾಟರಿ ಸುಮ್ಮನೆ ಬರಿದಾಗುತ್ತದೆ. ಶಟರ್ ವೇಗ ಸೆಕೆಂಡಿನ 1/250ನ್ನು ದಾಟಿದರೆ ಅನೇಕ ಕ್ಯಾಮೆರಾಗಳ ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಅದಕ್ಕೆ ಹೈಸ್ಪೀಡ್ ಸಿಂಕ್ ಎಂಬ ಬೇರೆ ಉಪಾಯವುಂಟು.

ವರ್ಮಾಂಟ್‌ನ ಪಾಕೆಟ್‌ವಿಜಾರ್ಡ್ ಡಬ್ಬಿಗಳು ಮೊದಲು ಪತ್ರಿಕೆ ಮತ್ತು ಕ್ರೀಡಾ ಛಾಯಾಗ್ರಾಹಕರ ದುಬಾರಿ ಸಂಗಾತಿಗಳಾಗಿದ್ದವು. ಬಾಲ್ಟಿಮೋರ್ ಸನ್ ಪತ್ರಿಕೆಯ ಡೇವಿಡ್ ಹಾಬಿ 2006ರಲ್ಲಿ ‘ಸ್ಟ್ರೋಬಿಸ್ಟ್’ ಹೆಸರಿನಲ್ಲಿ ಸಣ್ಣ ಫ್ಲ್ಯಾಶ್‌ಗಳ ಪಾಠ ಶುರುಮಾಡಿದ ಮೇಲೆ ಹವ್ಯಾಸಿಗಳೂ ಮುಗಿಬಿದ್ದರು. 2012ರಲ್ಲಿ ಕ್ಯಾನನ್ ತನ್ನ ಫ್ಲ್ಯಾಶಿನೊಳಗೇ ರೇಡಿಯೊ ಕೂರಿಸಿತು. ಈಗ ನಮ್ಮ ಸಣ್ಣ ಊರುಗಳ ಸ್ಟುಡಿಯೊಗಳಲ್ಲೂ ಚೀನಾದ ಗೊಡಾಕ್ಸ್ ಕಂಪನಿಯ ಟ್ರಿಗರ್ ಕಾಣಸಿಗುತ್ತದೆ.

ಮೊದಲೆಲ್ಲ ಮದುವೆಮನೆಗಳಲ್ಲಿ ಲೈಟು ಹಿಡಿಯಲು ಒಬ್ಬ ಹುಡುಗ ಇರುತ್ತಿದ್ದ. ಛಾಯಾಗ್ರಾಹಕರ ಹುಬ್ಬಿನ ಸನ್ನೆಗೆ ಎಡಕ್ಕೆ ಸರಿದು, ತೋಳು ಸೋತರೂ ಕೈಯಿಳಿಸದೆ, ಬೆಳಕು ಎಲ್ಲಿಂದ ಬಿದ್ದರೆ ಅತ್ತೆಯ ಮುಖ ಚೆನ್ನಾಗಿ ಬರುತ್ತದೆಂದು ನೋಡುತ್ತ ನೋಡುತ್ತಲೇ ಕಲಿಯುತ್ತಿದ್ದ. ಎಷ್ಟೋ ಸ್ಟುಡಿಯೊ ಮಾಲೀಕರು ಹೀಗೆ ಲೈಟು ಹಿಡಿದೇ ಬಂದವರು. ಈಗ ಬೆಳಕಿನ ಹೆಚ್ಚುಕಡಿಮೆಯೆಲ್ಲ ಕ್ಯಾಮೆರಾದ ಮೇಲಿನ ಗುಂಡಿಯಲ್ಲೇ ಮುಗಿಯುತ್ತದೆ. ಕೊನೆಯ ಪಂಕ್ತಿಯಲ್ಲಿ ಫೋಟೊದವರಿಗೆಂದು ಹಾಕುವ ಎಲೆಗಳಲ್ಲಿ ಒಂದು ಕಡಿಮೆಯಾಗಿದೆ.