ನೆಲಮಾಳಿಗೆಯಲ್ಲಿ ಐವತ್ತೈದು ನಿಮಿಷ

ಎಡಿನ್‌ಬರೊದ ವೇವರ್ಲಿ ರೈಲು ನಿಲ್ದಾಣದಿಂದ ಹೊರಬಿದ್ದು, ಫ್ಲೆಶ್‌ಮಾರ್ಕೆಟ್ ಕ್ಲೋಸ್ ಎಂಬ ಕಡಿದಾದ ಮೆಟ್ಟಿಲೋಣಿ ಹತ್ತಿ ಹೈಸ್ಟ್ರೀಟಿಗೆ ಬರುತ್ತೇನೆ. ಆಗಸ್ಟ್ ತಿಂಗಳಲ್ಲಿ ಈ ಬೀದಿಗೆ ಕಾಲಿಟ್ಟವರ ಕೈ ಖಾಲಿ ಉಳಿಯುವುದಿಲ್ಲ. ಹತ್ತು ಹೆಜ್ಜೆಗೆ ಆರು ಕರಪತ್ರ. ಮ್ಯಾಕ್‌ಬೆತ್‌ನ ಮಾಟಗಾತಿಯೊಬ್ಬಳು ನೆನೆದ ಕೂದಲು ಹಿಂಡಿಕೊಳ್ಳುತ್ತಾ ನಾಟಕದ ಹೊತ್ತು ಹೇಳುತ್ತಾಳೆ; ಪಕ್ಕದಲ್ಲಿ ಬೆಂಕಿಯ ಪಂಜು ಎಸೆದು ಹಿಡಿಯುವವನ ಸುತ್ತ ಜನ ಸೇರಿದ್ದಾರೆ. ಜಾತ್ರೆಯಲ್ಲಿ ಬೀಡುಬಿಟ್ಟ ನಮ್ಮ ನಾಟಕ ಕಂಪನಿಗಳು ಮೈಕು ಕಟ್ಟಿದ ಗಾಡಿಯಿಂದ ಹ್ಯಾಂಡ್‌ಬಿಲ್ ತೂರುತ್ತಿದ್ದದ್ದು ನೆನಪಾಯಿತು. ಅಲ್ಲಿ ಊರಿಗೊಂದು ಕಂಪನಿ, ಹೆಚ್ಚೆಂದರೆ ಎರಡು. ಇಲ್ಲಿ, ಆಗಸ್ಟಿನ ಫ್ರಿಂಜ್ ಉತ್ಸವದಲ್ಲಿ, 2019ರಲ್ಲಿ 3,800ಕ್ಕೂ ಹೆಚ್ಚು ಪ್ರದರ್ಶನಗಳಿದ್ದವು.

ನಾನು ಜೊತೆಗೂಡಿದ ತಂಡದಲ್ಲಿ ನಾಲ್ಕೇ ಜನ: ಇಬ್ಬರು ನಟರು, ನಿರ್ದೇಶಕಿ, ಲೈಟು ನೋಡಿಕೊಳ್ಳುವ ಹುಡುಗ. ನಾಟಕ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ. ಬೆಳಗಿನಿಂದ ನಾಲ್ವರೂ ಕರಪತ್ರ ಹಂಚುತ್ತಿದ್ದಾರೆ. ನನ್ನ ಕೈಗೂ ಒಂದು ಕಟ್ಟು ಬಂತು. “ಕೊಟ್ಟು ಸುಮ್ಮನೆ ನಿಲ್ಲಬೇಡಿ, ಕತೆ ಒಂದೇ ಮಾತಲ್ಲಿ ಹೇಳಿಬಿಡಿ. ಎರಡನೇ ಮಾತಿಗೆ ಯಾರೂ ನಿಲ್ಲೋದಿಲ್ಲ,” ಅಂದಳು ನಿರ್ದೇಶಕಿ.

ಇವರನ್ನು ಇಲ್ಲಿಗೆ ಯಾರೂ ಆರಿಸಿ ಕರೆಸಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಎಡಿನ್‌ಬರೊ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಎಂಟು ತಂಡಗಳು ಕರೆಯದೆಯೇ ಬಂದು, ಸಿಕ್ಕ ಜಾಗದಲ್ಲಿ ನಾಟಕವಾಡಿದವು. ಫ್ರಿಂಜ್ ಬೆಳೆದದ್ದು ಆ ಕರೆಯದೆ ಬಂದವರಿಂದ. ಇವತ್ತಿಗೂ ಇಡೀ ಉತ್ಸವಕ್ಕೊಂದು ಆಯ್ಕೆ ಸಮಿತಿಯಿಲ್ಲ. ಜಾಗ ಹಿಡಿದು, ನೋಂದಣಿ ಶುಲ್ಕ ಕಟ್ಟಿದರೆ ನೀವೂ ಆಡಬಹುದು. ಕೇಳಲು ಚೆಂದ. ಆದರೆ ಬಾಗಿಲು ಕಾಯುವವನು ಇಲ್ಲವೆಂದಲ್ಲ. ಅವನ ಕೆಲಸವನ್ನು ಬಾಡಿಗೆ ಮಾಡುತ್ತಿದೆ.

ಕೆಳಗಿನ ಕೌಗೇಟ್ ಬೀದಿಗೆ ಇಳಿದೆವು. ತಲೆಯ ಮೇಲೆ 1788ರಲ್ಲಿ ಸಂಚಾರಕ್ಕೆ ತೆರೆದ ಸೌತ್ ಬ್ರಿಜ್. ಅದರ ಹತ್ತೊಂಬತ್ತು ಕಮಾನುಗಳಲ್ಲಿ ಕಣ್ಣಿಗೆ ಬೀಳುವುದು ಇದೊಂದೇ. ಉಳಿದವು ಕಟ್ಟಡಗಳ ಬೆನ್ನಿಗೆ ಮರೆಯಾಗಿವೆ. ಈ ಸುತ್ತಿನ ಕಲ್ಲಿನ ನೆಲಮಾಳಿಗೆಗಳು ಆಗಸ್ಟಿನಲ್ಲಿ ರಂಗಮಂದಿರಗಳಾಗುತ್ತವೆ. ಇವರದೂ ಅಂಥದೊಂದು. ಐವತ್ತು ಕುರ್ಚಿ ಹಿಡಿಯುವ ಕೋಣೆ, ಗೋಡೆಯಲ್ಲಿ ತೇವ, ಹಳೆಯ ಕಲ್ಲಿನ ವಾಸನೆ. ಮೇಲಿನ ಬಾರಿನ ಸಂಗೀತ ನೆಲದ ಮೂಲಕ ಇಳಿಯುತ್ತದೆ.

ಹಿಂದಿನ ತಂಡದ ಆಟ ಮುಗಿಯುವುದು ಎರಡೂ ಐದಕ್ಕೆ. ನಡುವಿನ ಹದಿನೈದು ನಿಮಿಷದಲ್ಲಿ ಅವರ ಪ್ರೇಕ್ಷಕರು ಹೊರಗೆ, ಅವರ ಸಾಮಾನು ಹೊರಗೆ, ಇವರ ಸಾಮಾನು ಒಳಗೆ, ಇವರ ಪ್ರೇಕ್ಷಕರು ಒಳಗೆ. ಗಲ್ಲಿಯಲ್ಲಿ ಒಬ್ಬರನ್ನೊಬ್ಬರು ಒರಸಿಕೊಂಡೇ ದಾಟಿದರು, ನಗುವುದಕ್ಕೂ ಪುರುಸೊತ್ತಿಲ್ಲ. ಇವರ ರಂಗಸಜ್ಜಿಕೆಯೆಲ್ಲ ಒಂದು ಸೂಟ್‌ಕೇಸಿನಲ್ಲಿದೆ: ಮಡಚುವ ಮೇಜು, ಟೇಬಲ್ ಲ್ಯಾಂಪು, ಎರಡು ಕೋಟು. ಮೇಲೆ ತೂಗುವ ಲೈಟುಗಳು ದಿನವಿಡೀ ಆಡುವ ಎಲ್ಲ ತಂಡಗಳಿಗೂ ಒಂದೇ. ಮೊದಲ ಆಟಕ್ಕೆ ಮುಂಚೆ ಸಿಕ್ಕ ಕೆಲವೇ ಗಂಟೆಗಳ ತಾಲೀಮಿನಲ್ಲಿ ಬೆಳಕಿನ ಲೆಕ್ಕವೆಲ್ಲ ಮುಗಿಸಬೇಕಿತ್ತು. ಹೊತ್ತು ಮೀರಿದರೆ ಮುಂದಿನ ತಂಡದ ಪಾಲಿಗೆ ಕತ್ತರಿ ಬೀಳುವುದರಿಂದ ನಾಟಕವನ್ನು ಐವತ್ತೈದು ನಿಮಿಷಕ್ಕೆ ಇಳಿಸಿದ್ದಾರೆ. ಸೊಗಸಾದೊಂದು ದೃಶ್ಯ ಹೋಯಿತೆಂದು ನಟ ಇನ್ನೂ ಗೊಣಗುತ್ತಾನೆ.

ಕಡಿಮೆ ಪಾತ್ರ, ಬರಿಯ ರಂಗ, ಒಂದು ಗಂಟೆಯೊಳಗಿನ ಕತೆ. ಇದನ್ನು ಹೊಸ ರಂಗಭೂಮಿಯ ಶೈಲಿಯೆಂದು ವಿಮರ್ಶಕರು ವಿವರಿಸುವುದುಂಟು. ನನಗಂತೂ ಅದರಲ್ಲಿ ಬಾಡಿಗೆ ರಸೀದಿಯೇ ಹೆಚ್ಚು ಕಂಡಿತು. 2013ರಲ್ಲಿ ಫೀಬಿ ವಾಲರ್-ಬ್ರಿಜ್ ‘ಫ್ಲೀಬ್ಯಾಗ್’ ಅನ್ನು ಇಲ್ಲಿ ಒಬ್ಬಳೇ, ಒಂದು ಕುರ್ಚಿಯ ಮೇಲೆ ಕೂತು ಆಡಿ ಗೆದ್ದಳು, ನಿಜ. ಆದರೆ 1966ರಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ಇದೇ ಫ್ರಿಂಜ್‌ನಲ್ಲಿ ಟಾಮ್ ಸ್ಟಾಪರ್ಡ್‌ನ ‘ರೋಸೆನ್‌ಕ್ರಾಂಟ್ಸ್ ಅಂಡ್ ಗಿಲ್ಡೆನ್‌ಸ್ಟರ್ನ್ ಆರ್ ಡೆಡ್’ ಮೊದಲ ಸಲ ಆಡಿದ್ದರು. ಮರುವರ್ಷವೇ ಲಂಡನ್ನಿನ ನ್ಯಾಷನಲ್ ಥಿಯೇಟರ್ ಅದನ್ನು ಎತ್ತಿಕೊಂಡಿತು. ಅಂಥ ಹಲವು ಪಾತ್ರಗಳ ನಾಟಕವನ್ನು ಇಂದಿನ ಬಡ ತಂಡ ಇಲ್ಲಿಗೆ ತರುವುದು ಸುಲಭವಲ್ಲ. ಅಷ್ಟೂ ಜನರಿಗೆ ಮಲಗಲು ಜಾಗ ಬೇಕಲ್ಲ! ಆಗಸ್ಟಿನ ಮನೆ ಬಾಡಿಗೆಯೇ ಇವರ ಖರ್ಚಿನ ದೊಡ್ಡ ಪಾಲು. ಮನೆ ಬಾಡಿಗೆಗಲ್ಲದಿದ್ದರೂ ರಂಗದ ಬಾಡಿಗೆಗೆ, 1996ರಲ್ಲಿ ಪೀಟರ್ ಬಕ್ಲಿ ಹಿಲ್ ಆರಂಭಿಸಿದ ಫ್ರೀ ಫ್ರಿಂಜ್ ಒಂದು ಉತ್ತರ. ಅಲ್ಲಿ ಕಲಾವಿದರಿಗೆ ಜಾಗದ ಬಾಡಿಗೆಯಿಲ್ಲ, ಪ್ರೇಕ್ಷಕರಿಗೆ ಟಿಕೆಟ್ಟಿಲ್ಲ. ಆಟ ಮುಗಿದ ಮೇಲೆ ಬಾಗಿಲಲ್ಲಿ ಬಕೆಟ್ ಹಿಡಿಯುತ್ತಾರೆ.

ಅಂದು ಹನ್ನೊಂದು ಜನ ಬಂದಿದ್ದರು. ಮೊದಲ ನಿಮಿಷಗಳಲ್ಲಿ ನಟಿಯ ದನಿ ಖಾಲಿ ಕುರ್ಚಿಗಳ ಕಡೆಗೇ ಹೋಗುತ್ತಿತ್ತು; ಆಮೇಲೆ ಅವಳು ಮುಂದಿನ ಸಾಲಿನ ಮುದುಕಿಯೊಬ್ಬಳನ್ನು ಹಿಡಿದುಕೊಂಡು ಅವಳಿಗೇ ಆಡತೊಡಗಿದಳು. ಕೋಣೆ ಬಿಗಿಯಾಯಿತು. ಹೊರಗೆ ಬಂದಾಗ ಲೈಟಿನ ಹುಡುಗ ಫೋನು ಎತ್ತಿ ತೋರಿಸಿದ: ವಿಮರ್ಶೆ ಬಂದಿದೆ, ನಾಲ್ಕು ನಕ್ಷತ್ರ!

ಸಂಜೆ ಪ್ಲೆಸೆನ್ಸ್ ಅಂಗಳದ ಮೇಜಿನ ಸುತ್ತ ಸ್ಟೇಪ್ಲರ್ ಕೆಲಸ. ನಕ್ಷತ್ರ ಮುದ್ರಿಸಿದ ಪಟ್ಟಿಯನ್ನು ಉಳಿದ ಕರಪತ್ರಗಳಿಗೆಲ್ಲ ಹೊಡೆಯಬೇಕು. ಅರ್ಧಕ್ಕೇ ಪಿನ್ನು ಮುಗಿಯಿತು. ಪಕ್ಕದ ಮೇಜಿನ ತಂಡ ಧಾರಾಳವಾಗಿ ಒಂದು ಡಬ್ಬಿ ಕೊಟ್ಟಿತು. ಅವರಿಗೆ ಬಂದದ್ದು ಮೂರು ನಕ್ಷತ್ರ. ಅದನ್ನು ಅಂಟಿಸುವುದೋ ಬೇಡವೋ ಎಂಬ ವಾದ ಅಲ್ಲಿನ್ನೂ ಮುಗಿದಿರಲಿಲ್ಲ.